ಪ್ರೇಮಗೀತೆಯೊಳಗೆ ಅಡಗಿದ್ದ ದೇಶ

1898ರ ಜೂನ್ ತಿಂಗಳ ಮೊದಲ ವಾರ. ಫಿಲಿಪ್ಪೀನ್ಸಿನ ಕ್ರಾಂತಿಕಾರಿ ನಾಯಕ ಎಮಿಲಿಯೊ ಅಗಿನಾಲ್ಡೊ ಕವಿಟೆ ಪ್ರಾಂತದ ಸಂಗೀತ ಮೇಷ್ಟ್ರೊಬ್ಬರನ್ನು ಕರೆಸಿ, ಸ್ವಾತಂತ್ರ್ಯ ಘೋಷಣೆಯ ದಿನ ನುಡಿಸಲು ಒಂದು ಮೆರವಣಿಗೆಯ ಗತ್ತು ಬೇಕೆಂದು ಕೇಳಿದ. ಮೇಷ್ಟ್ರ ಹೆಸರು ಹೂಲಿಯಾನ್ ಫೆಲಿಪೆ, ವಯಸ್ಸು 37. ಅವರಿಗೆ ಸಿಕ್ಕಿದ್ದು ಆರೇ ದಿನ. ಜೂನ್ 11ರಂದು ನಾಯಕರ ಮುಂದೆ ಪಿಯಾನೊದಲ್ಲಿ ನುಡಿಸಿ ತೋರಿಸಿದರು. ಎಲ್ಲರೂ ಒಪ್ಪಿದರು. ಮರುದಿನ, ಜೂನ್ 12ರಂದು, ಕವಿತ್ ಊರಿನ ಅಗಿನಾಲ್ಡೊ ಮನೆಯ ಕಿಟಕಿಯಲ್ಲಿ ಹಾಂಗ್‌ಕಾಂಗಿನಲ್ಲಿ ಹೊಲಿಸಿ ತಂದ ಬಾವುಟ ಬಿಚ್ಚಿಕೊಂಡಾಗ ಸಾನ್ ಫ್ರಾನ್ಸಿಸ್ಕೊ ದೆ ಮಲಬೋನ್ ಊರಿನ ಬ್ಯಾಂಡು ಆ ಧಾಟಿಯನ್ನು ನುಡಿಸಿತು. ಅದೇ ಇಂದಿನ ಫಿಲಿಪ್ಪೀನ್ಸಿನ ರಾಷ್ಟ್ರಗೀತೆಯ ಧಾಟಿ. ಆವತ್ತು ಅದಕ್ಕೆ ಸಾಹಿತ್ಯ ಇರಲಿಲ್ಲ. ಹೊಸೆ ಪಾಲ್ಮ ಎಂಬ 23 ವರ್ಷದ ಸೈನಿಕ ಕವಿ ಮರುವರ್ಷ ಸ್ಪ್ಯಾನಿಷಿನಲ್ಲಿ ಬರೆದ ಕವಿತೆಯೇ ಅದರ ಸಾಹಿತ್ಯವಾಯಿತು.

ಆ ಧಾಟಿಯನ್ನು ಗಮನವಿಟ್ಟು ಕೇಳಿದವರಿಗೆ ಸ್ಪೇನಿನ ರಾಜಗೀತೆಯ ಛಾಯೆ, ವರ್ಡಿಯ ‘ಐಡಾ’ ಆಪೆರಾದ ಮೆರವಣಿಗೆಯ ನೆರಳು ಕಾಣುತ್ತದೆ. ಸ್ಪೇನಿನ ವಿರುದ್ಧ ಎದ್ದ ದೇಶದ ಗೀತೆಯಲ್ಲಿ ಸ್ಪೇನಿನ ನೆನಪು ಉಳಿದದ್ದರಲ್ಲಿ ಅಚ್ಚರಿಯೇನಿಲ್ಲ. ಫೆಲಿಪೆ ಕಲಿತ ಸಂಗೀತವೇ ಅದು. 1565ರಿಂದ 333 ವರ್ಷ ಆಳಿದ ಸ್ಪೇನ್ ಆ ದ್ವೀಪಗಳಿಗೆ ಚರ್ಚುಗಳನ್ನು ತಂದಿತು, ಚರ್ಚುಗಳ ಜೊತೆ ಆರ್ಗನ್, ಪಿಟೀಲು, ಸ್ವರಲಿಪಿ ಬಂದವು. ಲಾಸ್ ಪಿನ್ಯಾಸ್ ಊರಿನ ಚರ್ಚಿನಲ್ಲಿ 1824ರಲ್ಲಿ ಮುಗಿದ ಆರ್ಗನ್ ಇಂದಿಗೂ ಇದೆ. ಅದರ 1,031 ಕೊಳವೆಗಳಲ್ಲಿ 902 ಬಿದಿರಿನವು. ಕಟ್ಟಿಸಿದವನು ಸ್ಪೇನಿನ ಪಾದ್ರಿ, ಬಿದಿರು ಆ ನೆಲದ್ದು. ಮನಿಲಾದ ಸಾನ್ ಅಗಸ್ಟಿನ್ ಚರ್ಚಿಗೆ ಎಳೆಯ ವಯಸ್ಸಿನಲ್ಲಿ ಚಾಕರಿಗೆಂದು ಬಂದ ಮಾರ್ಸೆಲೊ ಅದೊನಾಯ್ ಎಂಬ ಹಳ್ಳಿಹುಡುಗ ಬೆಳೆದು ಅದೇ ಚರ್ಚಿನ ಸಂಗೀತ ನಿರ್ದೇಶಕನಾದ. ಊರಿಗೊಂದು ಹಿತ್ತಾಳೆ ಬ್ಯಾಂಡು ಇತ್ತು. ಜಾತ್ರೆಗೂ ಶವಯಾತ್ರೆಗೂ ಅವರೇ ಬೇಕು, ಕೊನೆಗೆ ಕ್ರಾಂತಿಗೂ ಅವರೇ ಬಂದರು.

ಕವಿತ್‌ನ ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದೆದುರು ಯುದ್ಧ ಸೋತು ಪ್ಯಾರಿಸ್ಸಿನಲ್ಲಿ ಕೂತ ಸ್ಪೇನಿನ ಅಧಿಕಾರಿಗಳು ಎರಡು ಕೋಟಿ ಡಾಲರಿಗೆ ಇಡೀ ದ್ವೀಪಸಮೂಹವನ್ನು ಅಮೆರಿಕಕ್ಕೆ ಬರೆದುಕೊಟ್ಟರು. ಫಿಲಿಪ್ಪೀನ್ಸಿನ ಜನರನ್ನು ಯಾರೂ ಕೇಳಲಿಲ್ಲ. 1899ರ ಫೆಬ್ರವರಿಯಲ್ಲಿ ಅಮೆರಿಕದೊಂದಿಗೆ ಯುದ್ಧ ಹತ್ತಿಕೊಂಡಿತು, 1901ರಲ್ಲಿ ಅಗಿನಾಲ್ಡೊ ಸೆರೆಯಾದ. ಹೊಸ ದೊರೆಗಳು ಮೊದಲು ರಾಜದ್ರೋಹದ ಕಾನೂನು ತಂದರು, 1907ರಲ್ಲಿ ಬಾವುಟದ ಕಾನೂನು ತಂದರು. ಫಿಲಿಪ್ಪೀನ್ಸಿನ ಬಾವುಟವನ್ನು ಹಾರಿಸುವುದಿರಲಿ, ನಾಲ್ಕು ಜನರಿಗೆ ಕಾಣುವಂತೆ ಮನೆಯ ಗೋಡೆಗೆ ತೂಗುಹಾಕುವುದೂ ಅಪರಾಧವಾಯಿತು. ಬಾವುಟದ ಜೊತೆಗೆ ಫೆಲಿಪೆಯವರ ಧಾಟಿಯೂ ಬಯಲಿನಿಂದ ಮರೆಯಾಯಿತು. 1919ರವರೆಗೆ ಇದೇ ಸ್ಥಿತಿ.

ಬಾಯಿ ಕಟ್ಟಿಸಿದ ಆ ವರ್ಷಗಳಲ್ಲಿ ನಾಡಿನ ಮಾತು ಎಲ್ಲಿಗೆ ಹೋಯಿತು? ರಂಗಭೂಮಿಗೆ ಹೋಯಿತು. ಸ್ಪೇನಿನಿಂದ ಬಂದಿದ್ದ ‘ಸಾರ್ಸುವೆಲ’ ಎಂಬ ಹಾಡು-ಮಾತಿನ ನಾಟಕವನ್ನು ತಗಲಾಗ್ ಭಾಷೆಯ ನಾಟಕಕಾರರು ತಮ್ಮದನ್ನಾಗಿ ಮಾಡಿಕೊಂಡರು. ಅದರ ರುಚಿ ತಿಳಿಯಬೇಕಾದರೆ ನಮ್ಮ ಕಂಪನಿ ನಾಟಕಗಳನ್ನು ನೆನೆದರೆ ಸಾಕು: ಕಥೆ ಎಷ್ಟೋ ಹಾಡೂ ಅಷ್ಟೇ, ಹಾಡಿಗೆ ‘ಒನ್ಸ್ ಮೋರ್’ ಬಿದ್ದ ಮೇಲೇ ಕಥೆ ಮುಂದಕ್ಕೆ. 1902ರಲ್ಲಿ ಸೆವೆರಿನೊ ರೇಯೆಸ್ ಬರೆದ ‘ವಲಾಂಗ್ ಸುಗಾತ್’ ಮನಿಲಾದ ರಂಗಕ್ಕೆ ಬಂತು, ಸಂಗೀತ ಫುಲ್ಹೆನ್ಸಿಯೊ ತೊಲೆಂತಿನೊ ಅವರದು. ಕ್ರಾಂತಿಗೆ ಹೋದ ಹುಡುಗ, ಅವನಿಗಾಗಿ ಕಾದ ಹುಡುಗಿ, ನಡುವೆ ಸ್ಪೇನಿನ ಪಾದ್ರಿಗಳ ಕ್ರೌರ್ಯ. ಬೈದದ್ದು ಹಳೆಯ ದೊರೆಯನ್ನಾದ್ದರಿಂದ ಹೊಸ ದೊರೆ ತಡೆಯಲಿಲ್ಲ. ಆದರೆ ಕೇಳಲು ಬಂದವರಿಗೆ ಗೊತ್ತಿತ್ತು, ದೊರೆ ಬದಲಾಗಿದ್ದಾನೆ, ದೊರೆತನ ಬದಲಾಗಿಲ್ಲ ಎಂದು.

ಬೇರೆಯವರು ಇನ್ನೂ ಧೈರ್ಯ ಮಾಡಿದರು. 1903ರ ಮೇ 14ರಂದು ಔರೇಲಿಯೊ ತೊಲೆಂತಿನೊ ತಮ್ಮ ‘ಕಹಾಪೊನ್, ಙಾಯೊನ್, ಆತ್ ಬೂಕಾಸ್’ ನಾಟಕದಲ್ಲಿ ಅಮೆರಿಕವನ್ನು ನೇರವಾಗಿಯೇ ಎದುರಿಸಿದರು. ಪ್ರದರ್ಶನ ಗಲಭೆಯಲ್ಲಿ ಮುಗಿಯಿತು, ಅವರು ಜೈಲಿಗೆ ಹೋದರು. ಆ ಕಾಲದ ನಾಟಕಗಳಲ್ಲಿ ಇನ್ನೊಂದು ಉಪಾಯವೂ ನಡೆಯಿತು. ಕೆಂಪು, ನೀಲಿ, ಬಿಳಿ ಉಡುಪಿನ ನಟರು ಹಾಡಿನ ನಡುವೆ ಸುಳಿದಾಡುತ್ತ ಒಂದು ಕ್ಷಣ ಸಾಲಾಗಿ ನಿಲ್ಲುವರು. ನಾಡಿನ ಬಾವುಟ ರಂಗದ ಮೇಲೆ ಮೂಡುವುದು. ಪ್ರೇಕ್ಷಕರು ಎದ್ದು ಕೂಗುವಷ್ಟರಲ್ಲಿ ನಟರು ಚದುರಿರುವರು.

ಇದೇ ಹೊತ್ತಿಗೆ ಅಮೆರಿಕನ್ನರು ಫಿಲಿಪ್ಪಿನೊ ವಾದಕರನ್ನು ತಮ್ಮ ಹೆಮ್ಮೆಗೂ ಬಳಸಿಕೊಂಡರು. ವಾಲ್ಟರ್ ಲವಿಂಗ್ ಎಂಬ ಕಪ್ಪು ಅಮೆರಿಕನ್ ಸೇನಾಧಿಕಾರಿ 1902ರಲ್ಲಿ ಕಾನ್‌ಸ್ಟಾಬ್ಯುಲರಿ ಬ್ಯಾಂಡ್ ಕಟ್ಟಿದ. ಊರೂರಿನ ಹಿತ್ತಾಳೆ ಬ್ಯಾಂಡುಗಳಲ್ಲಿ ಪಳಗಿದ ವಾದಕರು ಅದಕ್ಕೆ ಸೇರಿದರು. 1904ರಲ್ಲಿ ಅವರನ್ನು ಸೇಂಟ್ ಲೂಯಿಸ್‌ನ ವಿಶ್ವಮೇಳಕ್ಕೆ ಕರೆದೊಯ್ದರು. ಆ ಮೇಳದಲ್ಲಿ ಫಿಲಿಪ್ಪೀನ್ಸಿಗೆ 47 ಎಕರೆ ಜಾಗ ಕೊಟ್ಟಿದ್ದರು. ಒಂದು ಕಡೆ ಇಗೊರೊತ್ ಬುಡಕಟ್ಟಿನವರನ್ನು ಕರೆತಂದು, ಜನ ಟಿಕೆಟ್ಟು ಕೊಂಡು ನೋಡುವಂತೆ ಕೂರಿಸಿದ್ದರು. ಇನ್ನೊಂದು ಕಡೆ ಅದೇ ನಾಡಿನ ವಾದಕರು ರೊಸ್ಸೀನಿಯ ‘ವಿಲಿಯಂ ಟೆಲ್’ ನುಡಿಸುತ್ತಿದ್ದರು. ನಡುವೆ ದೀಪಗಳೆಲ್ಲ ಆರಿಹೋದವೆಂದೂ, ಕತ್ತಲಲ್ಲೇ ಒಂದು ಸ್ವರ ತಪ್ಪದೆ ಕೊನೆಯವರೆಗೆ ನುಡಿಸಿದರೆಂದೂ ಹೇಳುತ್ತ ಬಂದಿದ್ದಾರೆ. 1909ರಲ್ಲಿ ಅಧ್ಯಕ್ಷ ಟಾಫ್ಟ್ ಅಧಿಕಾರ ಸ್ವೀಕರಿಸಿದಾಗ ವಾಷಿಂಗ್ಟನ್ನಿನ ಬೀದಿಯಲ್ಲಿ ನುಡಿಸಿದ್ದೂ ಇದೇ ಬ್ಯಾಂಡು. ಒಂದು ಜನಾಂಗವನ್ನು ಆಳಲು ಬಾರದವರೆಂದು ಸಾರುವ ಮೇಳದಲ್ಲೇ ಅವರ ಸಂಗೀತಕ್ಕೆ ಚಪ್ಪಾಳೆ ತಟ್ಟುವುದು ಎಂಥ ಕ್ರೌರ್ಯ ಎಂದು ನನಗೆ ಮತ್ತೆ ಮತ್ತೆ ಅನ್ನಿಸುತ್ತದೆ. ಲವಿಂಗ್ ಮಾತ್ರ ತನ್ನ ವಾದಕರನ್ನು ಮನಸಾರೆ ನೆಚ್ಚಿದ್ದ. ಮುಪ್ಪಿನಲ್ಲಿ ಮನಿಲಾದಲ್ಲೇ ನೆಲೆಸಿ, 1945ರಲ್ಲಿ ಅಲ್ಲೇ ಜಪಾನಿ ಸೈನಿಕರ ಕೈಯಲ್ಲಿ ಸತ್ತ.

ಆದರೆ ಈ ಕಥೆಯ ಒಳಹರಿವು ಇರುವುದು ಬ್ಯಾಂಡಿನಲ್ಲಲ್ಲ, ಕುಂದಿಮಾನ್ ಎಂಬ ಪ್ರೇಮಗೀತೆಯಲ್ಲಿ. ಮೂರು ಮಾತ್ರೆಯ ನಿಧಾನ ನಡೆ. ಮೊದಲರ್ಧ ಮೈನರ್ ಸ್ಥಾಯಿಯಲ್ಲಿ ನೋವಿನ ಮಾತಾಗಿ ಸಾಗುತ್ತದೆ, ಉತ್ತರಾರ್ಧದಲ್ಲಿ ಮೇಜರಿಗೆ ತಿರುಗಿ ಒಮ್ಮೆಲೇ ಬೆಳಕಾಗುತ್ತದೆ. ಪ್ರಿಯತಮೆ ಸಿಗಲಾರಳು, ಆದರೂ ಪ್ರಾಣ ಕೊಟ್ಟೇನು ಎನ್ನುವ ಭಾವ. 1896ರ ಕ್ರಾಂತಿಯ ಕಾಲದಲ್ಲೇ ಇದರ ಇನ್ನೊಂದು ಬಗೆಯ ಬಳಕೆ ಶುರುವಾಗಿತ್ತು. ಬಲಿವಾಗ್ ಊರಿನ ಚೆಲುವೆಯೊಬ್ಬಳ ಮೇಲೆ ಕಟ್ಟಿದ ‘ಹೊಸೆಲಿನಾಂಗ್ ಬಲಿವಾಗ್’ ಎಂಬ ಹಾಡನ್ನು ಕ್ರಾಂತಿಕಾರಿಗಳು ತಮ್ಮ ಹಾಡು ಮಾಡಿಕೊಂಡಿದ್ದರು. ಕೇಳುವ ಪೊಲೀಸನಿಗೆ ಅದು ಹುಡುಗಿಯ ಹಾಡು, ಹಾಡುವವನಿಗೆ ನಾಡಿನ ಹಾಡು.

ಬಾವುಟದ ಕಾನೂನು ಚಾಲ್ತಿಯಲ್ಲಿದ್ದ 1916ರಲ್ಲಿ ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯದಲ್ಲಿ ಸಂಗೀತ ಶಾಲೆ ತೆರೆಯಿತು. ಅಲ್ಲಿ ಬೆಳೆದ ಇಬ್ಬರು ಈ ಜನಪದ ರೂಪವನ್ನು ಕಚೇರಿಯ ಗೀತೆಯ ಎತ್ತರಕ್ಕೆ ಏರಿಸಿದರು. ಇಬ್ಬರೂ ಬುಲಕಾನ್ ಪ್ರಾಂತದವರು. ಫ್ರಾನ್ಸಿಸ್ಕೊ ಸಾಂತಿಯಾಗೊ 1917ರಲ್ಲಿ ‘ಅನಾಕ್ ದಲಿತಾ’ ಎಂಬ ಕುಂದಿಮಾನ್ ರಚಿಸಿದರು. ಮುಂದೆ ಶಿಕಾಗೊದಲ್ಲಿ ಡಾಕ್ಟರೇಟ್ ಪಡೆದು ಬಂದು, 1930ರಲ್ಲಿ ಆ ಸಂಗೀತ ಶಾಲೆಯ ಮೊದಲ ಫಿಲಿಪ್ಪಿನೊ ನಿರ್ದೇಶಕರಾದರು. ಇನ್ನೊಬ್ಬರು ನಿಕನೋರ್ ಅಬೆಲಾರ್ದೊ. ಅವರ ಬದುಕನ್ನು ಓದುವಾಗ ಮನಸ್ಸು ಭಾರವಾಗುತ್ತದೆ. ಮೂಕಿ ಸಿನಿಮಾ ಥಿಯೇಟರುಗಳಲ್ಲಿ, ಕ್ಯಾಬರೆಗಳಲ್ಲಿ ಪಿಯಾನೊ ನುಡಿಸಿ ಹೊಟ್ಟೆ ಹೊರೆದವರು. 1923ರಲ್ಲಿ ‘ನಸಾನ್ ಕಾ ಇರೋಗ್’ ಬಂತು, 1926ರಲ್ಲಿ ‘ಮುತ್ಯಾ ಙ್ ಪಾಸಿಗ್’. ಈ ಎರಡನೆಯದರಲ್ಲಿ ಬೆಳುದಿಂಗಳಿನ ಪಾಸಿಗ್ ನದಿಯಿಂದ ಒಬ್ಬ ಕನ್ಯೆ ಎದ್ದುಬರುತ್ತಾಳೆ, ತಾನು ಹಿಂದೆ ಆಳುತ್ತಿದ್ದ ರಾಜ್ಯವನ್ನು ಹೇಗೆ ಕಳೆದುಕೊಂಡೆನೆಂದು ಹೇಳುತ್ತಾಳೆ. ಮನಿಲಾದ ನಡುವೆ ಹರಿಯುವ, ಗವರ್ನರನ ಅರಮನೆಯ ಪಕ್ಕದಲ್ಲೇ ಸಾಗುವ ನದಿ ಅದು. ರಾಜ್ಯ ಕಳೆದುಕೊಂಡ ಆ ಹೆಣ್ಣು ಯಾರೆಂದು ಯಾರಿಗೂ ವಿವರಿಸಬೇಕಾಗಿರಲಿಲ್ಲ. ಅಬೆಲಾರ್ದೊ 1931ರಲ್ಲಿ ಶಿಕಾಗೊಕ್ಕೆ ಹೋಗಿ ಯುರೋಪಿನ ಹೊಸ ಸಂಗೀತವನ್ನು ಹೀರಿಕೊಂಡು ಬಂದರು. ಆಮೇಲಿನ ಅವರ ಕೃತಿಗಳ ಭಾಷೆಯೇ ಬೇರೆ. ಎಲ್ಲಿಗೆ ಮುಟ್ಟುತ್ತಿದ್ದರೋ, 1934ರ ಮಾರ್ಚಿನಲ್ಲಿ 41ನೇ ವಯಸ್ಸಿಗೇ ತೀರಿಕೊಂಡರು.

ಬರೆದ ಹಾಡು ಬೀದಿಗೆ ಬರಬೇಕಾದರೆ ಕಂಠ ಬೇಕು. ಆ ಕಂಠ ಆತಾಂಗ್ ದೆ ಲಾ ರಾಮ ಅವರದು. 1902ರಲ್ಲಿ ಹುಟ್ಟಿದ ಈಕೆ ಹದಿಹರೆಯದಲ್ಲೇ ‘ದಲಗಾಂಗ್ ಬುಕಿದ್’ ಸಾರ್ಸುವೆಲದ ಹೂ ಮಾರುವ ಹುಡುಗಿಯಾಗಿ ಮನೆಮಾತಾದರು. 1919ರಲ್ಲಿ ಅದೇ ಕಥೆ ಫಿಲಿಪ್ಪಿನೊ ಒಬ್ಬರು ತೆಗೆದ ಮೊದಲ ಕಥಾಚಿತ್ರವಾಯಿತು. ಚಿತ್ರ ಮೂಕಿ, ಆದ್ದರಿಂದ ಆತಾಂಗ್ ಥಿಯೇಟರಿಗೇ ಬಂದು ಪರದೆಯ ಪಕ್ಕ ನಿಂತು, ತನ್ನದೇ ಬಿಂಬದ ತುಟಿಗೆ ತನ್ನದೇ ದನಿ ಕೂಡಿಸಿ ಹಾಡಿದರು. ಕುಂದಿಮಾನ್ ಹಾಡನ್ನು ಆಪೆರಾ ಭವನಕ್ಕೂ ಒಯ್ದರು, ಸಣ್ಣ ಊರುಗಳಿಗೂ ಒಯ್ದರು. ಅವರ ಗಂಡ ಅಮಾದೊ ಹೆರ್ನಾಂದೆಸ್ ಕವಿ, ಕಾರ್ಮಿಕ ನಾಯಕ. ಸ್ವತಂತ್ರ ಫಿಲಿಪ್ಪೀನ್ಸಿನ ಸರ್ಕಾರವೇ ಅವರನ್ನು 1951ರಿಂದ ವರ್ಷಗಟ್ಟಲೆ ಜೈಲಿನಲ್ಲಿಟ್ಟಿತು. ಗಂಡಹೆಂಡಿರಿಬ್ಬರನ್ನೂ ಮುಂದೆ ಅದೇ ದೇಶ ‘ರಾಷ್ಟ್ರೀಯ ಕಲಾವಿದ’ ಎಂದು ಗೌರವಿಸಿತು.

1920ರ ದಶಕದ ಕೊನೆಯಲ್ಲಿ ಹುಟ್ಟಿದ ಒಂದು ಹಾಡಿನಲ್ಲಿ ಮಾತ್ರ ಪ್ರಿಯತಮೆಯ ಮುಸುಕು ಇರಲಿಲ್ಲ. ‘ಬಾಯಾನ್ ಕೊ’, ಅಂದರೆ ನನ್ನ ನಾಡು. ಕ್ರಾಂತಿಯ ಸೇನಾನಿ ಹೊಸೆ ಅಲೆಹಾಂದ್ರಿನೊ ಸ್ಪ್ಯಾನಿಷಿನಲ್ಲಿ ಬರೆದಿದ್ದ ಹಾಡಿನ ಬೇರಿನಿಂದ ಇದು ಬಂದದ್ದು. ತಗಲಾಗ್ ಸಾಹಿತ್ಯ ಹೊಸೆ ಕೊರಸೋನ್ ದೆ ಹೆಸೂಸ್ ಅವರದು. ಪದ್ಯದಲ್ಲೇ ವಾದ ಹೂಡುವ ಸ್ಪರ್ಧೆಗಳಲ್ಲಿ ರಾಜನೆನಿಸಿಕೊಂಡಿದ್ದ ಜನಪ್ರಿಯ ಪತ್ರಿಕಾಕವಿ. ಧಾಟಿ ಕಟ್ಟಿದ ಕೊನ್‌ಸ್ಟಾನ್ಸಿಯೊ ದೆ ಗುಸ್ಮಾನ್ ಅವರೂ ಬುಲಕಾನಿನವರೇ, ಆಗಿನ್ನೂ ಇಪ್ಪತ್ತರ ಹರೆಯ. ಪಂಜರದ ಹಕ್ಕಿಯೂ ಹಾರಲು ಹಂಬಲಿಸುವಾಗ ನಾಡಿನ ಗತಿ ಏನೆಂದು ಕೇಳುವ ಹಾಡು. ಕುಂದಿಮಾನಿನ ಅದೇ ಅಳಲು, ಅದೇ ನಡೆ. ಕವಿ 1932ರಲ್ಲೇ ತೀರಿಕೊಂಡರು. ದೆ ಗುಸ್ಮಾನ್ ಸಿನಿಮಾಕ್ಕೆ ಹೋಗಿ ನೂರಾರು ಪ್ರೇಮಗೀತೆ ಕಟ್ಟಿ ಹೆಸರಾದರು.

ಸಿನಿಮಾ ಹಾಡುಗಳ ಅದೇ ಸುಗ್ಗಿಯಲ್ಲಿ, 1938ರಲ್ಲಿ, ಮೈಕ್ ವೆಲಾರ್ದೆ ಎಂಬ ಇನ್ನೊಬ್ಬ ಸಂಯೋಜಕ ‘ದಾಹಿಲ್ ಸಾ ಇಯೊ’ ಎಂಬ ಮಧುರ ಗೀತೆ ಕಟ್ಟಿದರು. ನಿನ್ನಿಂದಾಗಿಯೇ ನನ್ನ ಬದುಕು ಎನ್ನುವ ಅಪ್ಪಟ ಪ್ರೇಮಗೀತೆ. ‘ಬಾಯಾನ್ ಕೊ’ ಮತ್ತು ‘ದಾಹಿಲ್ ಸಾ ಇಯೊ’ ಮುಂದೆ ಒಂದು ದಿನ ಎದುರುಬದುರು ನಿಲ್ಲುತ್ತವೆಂದು ಆಗ ಯಾರೂ ಎಣಿಸಿರಲಾರರು.

ಜಪಾನ್ ಬಂತು. 1942ರಲ್ಲಿ ಹಳೆಯ ರಾಷ್ಟ್ರಗೀತೆಯ ಜಾಗಕ್ಕೆ ಹೊಸ ಗೀತೆ ಬೇಕೆಂದಾಗ ಅದನ್ನು ಕಟ್ಟಿದವರು ಫೆಲಿಪೆ ಪದಿಲ್ಯ ದೆ ಲೆಯೋನ್. ಬಂದೂಕಿನ ನೆರಳಿನ ಊರಿನಲ್ಲಿ ಆಗುವುದಿಲ್ಲ ಎನ್ನಲು ಒಬ್ಬ ಸಂಗೀತಗಾರನಿಗೆ ಎಷ್ಟು ಅವಕಾಶವಿತ್ತು ಎಂಬುದನ್ನು ದೂರದಲ್ಲಿ ಕೂತು ಅಳೆಯಲು ನನಗೆ ಮನಸ್ಸಿಲ್ಲ. 1945ರ ಮನಿಲಾ ಕಾಳಗದಲ್ಲಿ ಒಂದು ತಿಂಗಳಲ್ಲಿ ಸುಮಾರು ಒಂದು ಲಕ್ಷ ನಾಗರಿಕರು ಸತ್ತರು. ಹಾಳುಬಿದ್ದ ಆ ನಗರವನ್ನು ನೋಡಿ ಅದೇ ದೆ ಲೆಯೋನ್ ‘ಪಯಾಪಾಂಗ್ ದಾಯಿಗ್ದಿಗ್’ ಎಂಬ ಶಾಂತಿಗೀತೆ ರಚಿಸಿದರು. ಇಂದಿಗೂ ಕ್ರಿಸ್ಮಸ್ ಕಾಲದಲ್ಲಿ ಅದು ಕೇಳಿಬರುತ್ತದೆ. 1973ರಲ್ಲಿ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ತನ್ನ ‘ಹೊಸ ಸಮಾಜ’ಕ್ಕೊಂದು ಗೀತೆ ಬೇಕೆಂದಾಗಲೂ ಸಂಗೀತ ದೆ ಲೆಯೋನ್ ಅವರದೇ, ಸಾಹಿತ್ಯ ಲೆವಿ ಸೆಲೆರಿಯೊ ಅವರದು. ಮರದ ಎಲೆಯನ್ನು ತುಟಿಗಿಟ್ಟು ರಾಗ ನುಡಿಸಬಲ್ಲವರು ಈ ಸೆಲೆರಿಯೊ. ಲೂಸಿಯೊ ಸಾನ್ ಪೆದ್ರೊ ಅವರ ಧಾಟಿಗೆ ‘ಸಾ ಉಗೊಯ್ ಙ್ ದುಯಾನ್’ ಎಂಬ ಜೋಗುಳದ ಮಾತು ಹೊಂದಿಸಿದವರು. ಆ ಜೋಗುಳವನ್ನು ಫಿಲಿಪ್ಪೀನ್ಸ್ ಇಂದಿಗೂ ಎದೆಗಪ್ಪಿಕೊಂಡಿದೆ. ಸರ್ಕಾರಿ ಗೀತೆಯನ್ನು ಶಾಲಾಮಕ್ಕಳಿಂದ ಕಡ್ಡಾಯವಾಗಿ ಹಾಡಿಸಬೇಕಾಯಿತು.

1972ರ ಸೆಪ್ಟೆಂಬರಿನಲ್ಲಿ ಮಾರ್ಕೋಸ್ ಸೇನಾಡಳಿತ ಹೇರಿದ್ದ. ಪತ್ರಿಕೆ, ರೇಡಿಯೊ ಎಲ್ಲ ಮುಷ್ಟಿಯೊಳಗೆ. ವಿಚಿತ್ರವೆಂದರೆ ಈ ಆಡಳಿತ ಸಂಗೀತಕ್ಕೆ ಧಾರಾಳವಾಗಿ ಖರ್ಚೂ ಮಾಡಿತು. 1974ರ ಜನವರಿ 1ರಂದು ಸಂಯೋಜಕ ಹೊಸೆ ಮಸೇದಾ ಅವರ ‘ಉಗ್ನಾಯಾನ್’ ಕೃತಿ ಪ್ರಸಾರವಾಯಿತು. ಸ್ಥಳೀಯ ವಾದ್ಯಗಳನ್ನು ಧ್ವನಿಮುದ್ರಿಸಿದ 20 ಬೇರೆ ಬೇರೆ ಟೇಪುಗಳು ಏಕಕಾಲಕ್ಕೆ ಬೇರೆ ಬೇರೆ ರೇಡಿಯೊ ಕೇಂದ್ರಗಳಿಂದ ಹೊರಟವು. ಜನ ತಂತಮ್ಮ ರೇಡಿಯೊ ಹಿಡಿದು ಬಯಲಲ್ಲಿ ಕೂಡಿದರೆ ಇಡೀ ಕೃತಿ ಕೇಳಬೇಕು. ಕಲೆಯಾಗಿ ಅದು ಅದ್ಭುತ ಕಲ್ಪನೆ. ಆದರೆ ಎಲ್ಲ ಕೇಂದ್ರಗಳೂ ಒಂದೇ ಹೊತ್ತಿಗೆ ಒಂದೇ ಅಪ್ಪಣೆಗೆ ಬಗ್ಗುವ ದೇಶದಲ್ಲಿ ಮಾತ್ರ ಅದು ಸಾಧ್ಯವಾಯಿತು. 1975ರಲ್ಲಿ ಪ್ರತಿ ಗಂಟೆಗೆ ಕನಿಷ್ಠ ಒಂದು ಫಿಲಿಪ್ಪಿನೊ ಹಾಡು ಹಾಕಬೇಕೆಂಬ ನಿಯಮ ಬಂತು. ಅದರ ಫಲವನ್ನು ಹೊಸ ತಲೆಮಾರು ಉಂಡಿತು. 1978ರ ಮನಿಲಾ ಜನಪ್ರಿಯ ಸಂಗೀತೋತ್ಸವದಲ್ಲಿ ರಯಾನ್ ಕಯಾಬ್ಯಾಬ್ ಎಂಬ ಯುವಕನ ಹಾಡು ಗೆದ್ದಿತು. ಗೆಲ್ಲದೆ ಹೋದ ಹಾಡುಗಳಲ್ಲೊಂದು ‘ಅನಾಕ್’. ಹದಿನೆಂಟಕ್ಕೇ ಮನೆ ಬಿಟ್ಟು ಹೋಗಿ, ಕ್ಲಬ್ಬುಗಳಲ್ಲಿ ಗಿಟಾರ್ ಬಾರಿಸುತ್ತಿದ್ದ ಫ್ರೆಡ್ಡಿ ಅಗಿಲಾರ್ ತಂದೆತಾಯಿಗೆ ತಪ್ಪೊಪ್ಪಿಕೊಂಡಂತೆ ಬರೆದ ಹಾಡು. ಏಷ್ಯಾ, ಯುರೋಪು ದಾಟಿ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಿಗೆ ಹೋಯಿತು.

ಆ ಹೆಸರು ಕೈಯಲ್ಲಿದ್ದಾಗಲೇ ಅಗಿಲಾರ್ ‘ಬಾಯಾನ್ ಕೊ’ ಎತ್ತಿಕೊಂಡರು. ಸೇನಾಡಳಿತದಲ್ಲಿ ಅದನ್ನು ಬಹಿರಂಗವಾಗಿ ಹಾಡುವಂತಿರಲಿಲ್ಲ. ಅರ್ಧ ಶತಮಾನದ ಹಿಂದೆ ಅಮೆರಿಕನ್ನರನ್ನು ನೆನೆದು ಬರೆದ ಹಾಡಿಗೆ ಸ್ವದೇಶಿ ಅಧ್ಯಕ್ಷ ಹೆದರಿದ. 1983ರ ಆಗಸ್ಟ್ 21ರಂದು ವಿರೋಧಿ ನಾಯಕ ಬೆನಿಗ್ನೊ ಅಕಿನೊ ಅವರನ್ನು ಮನಿಲಾ ವಿಮಾನ ನಿಲ್ದಾಣದಲ್ಲೇ ಗುಂಡಿಟ್ಟು ಕೊಂದರು. ಹತ್ತು ದಿನದ ಮೇಲೆ ನಡೆದ ಶವಯಾತ್ರೆಗೆ ಜನಸಾಗರವೇ ಹರಿದು ಬಂತು. ಆ ಶೋಕದ ದಿನಗಳಲ್ಲಿ ನಿಷೇಧದ ಭಯ ಕಳಚಿಬಿತ್ತು. ಗಿಟಾರಿನ ಹಾಡು ಸಾವಿರಾರು ಕಂಠಗಳ ಹಾಡಾಯಿತು. ದೆ ಗುಸ್ಮಾನ್ ಅದನ್ನು ಕೇಳಲು ಬದುಕಿರಲಿಲ್ಲ, ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು.

1986ರ ಫೆಬ್ರವರಿಯಲ್ಲಿ ಮನಿಲಾದ ಎಡ್ಸಾ ಹೆದ್ದಾರಿಯ ಮೇಲೆ ಮಾರ್ಕೋಸ್ ವಿರುದ್ಧ ಎದ್ದ ಜನ ಟ್ಯಾಂಕುಗಳಿಗೆ ಅಡ್ಡ ನಿಂತರು. ಚರ್ಚಿನ ರೇಡಿಯೊ ವೆರಿತಾಸ್ ಕೇಂದ್ರದ ಪ್ರಸಾರಯಂತ್ರವನ್ನು ಸರ್ಕಾರದ ಕಡೆಯವರು ಒಡೆದುಹಾಕಿದಾಗ ಜೂನ್ ಕೀತ್ಲಿ ಎಂಬ ದಿಟ್ಟ ಹೆಣ್ಣುಮಗಳು ಗುಟ್ಟಾದ ಕೇಂದ್ರವೊಂದರಿಂದ ಪ್ರಸಾರ ಮುಂದುವರಿಸಿದರು. ಹೆಸರು ಹೇಳುವಂತಿಲ್ಲ, ಜಾಗ ಹೇಳುವಂತಿಲ್ಲ. ಹಾಗಾಗಿ ‘ಮ್ಯಾಂಬೊ ಮ್ಯಾಗ್ಸೆಸೆ’ ಹಾಡನ್ನು ಹಾಕಿದರು. ಅಧ್ಯಕ್ಷ ರಾಮೋನ್ ಮ್ಯಾಗ್ಸೆಸೆಯ 1953ರ ಚುನಾವಣೆಗೆ ರಾವುಲ್ ಮಂಗ್ಲಾಪುಸ್ ಕಟ್ಟಿದ್ದ ಕುಣಿತದ ಹಾಡದು. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಸಂದ ಪ್ರಶಸ್ತಿಯಿಂದ ನಮಗೆ ಪರಿಚಿತವಾದ ಹೆಸರು ಇದೇ ಮ್ಯಾಗ್ಸೆಸೆ.  ಹಾಡು ಕೇಳಿದೊಡನೆ ಜನರಿಗೆ ಅರ್ಥವಾಯಿತು: ನಮ್ಮ ರೇಡಿಯೊ ಇನ್ನೂ ಉಸಿರಾಡುತ್ತಿದೆ.

ಫೆಬ್ರವರಿ 25ರಂದು ಒಂದೇ ನಗರದಲ್ಲಿ ಇಬ್ಬರು ಅಧ್ಯಕ್ಷರು ಪ್ರಮಾಣವಚನ ತೆಗೆದುಕೊಂಡರು. ಬೆಳಿಗ್ಗೆ ಕ್ಲಬ್ ಫಿಲಿಪಿನೊದಲ್ಲಿ ಬೆನಿಗ್ನೊ ಅವರ ಪತ್ನಿ ಕೊರಸೋನ್ ಅಕಿನೊ. ಅಲ್ಲಿ ಸೇರಿದವರು ‘ಬಾಯಾನ್ ಕೊ’ ಹಾಡಿದರು. ಮಧ್ಯಾಹ್ನ ಮಲಕನ್ಯಾಂಗ್ ಅರಮನೆಯಲ್ಲಿ ಮಾರ್ಕೋಸ್. ಬಳಿಕ ಅರಮನೆಯ ಮೊಗಸಾಲೆಗೆ ಬಂದು ಉಳಿದಿದ್ದ ಬೆಂಬಲಿಗರ ಮುಂದೆ ಅವನ ಹೆಂಡತಿ ಇಮೆಲ್ಡಾ ಮಾರ್ಕೋಸ್ ಹಾಡಿದ್ದು ‘ದಾಹಿಲ್ ಸಾ ಇಯೊ’. 1965ರ ಚುನಾವಣೆಯಲ್ಲಿ ವೇದಿಕೆಯಿಂದ ವೇದಿಕೆಗೆ ಹಾಡಿ ಓಟು ತಂದುಕೊಟ್ಟ ಹಾಡು. ಆ ರಾತ್ರಿ ಅಮೆರಿಕದ ಹೆಲಿಕಾಪ್ಟರುಗಳು ಅವರನ್ನು ಎತ್ತಿಕೊಂಡು ಹೋದವು.

ಮೈಕ್ ವೆಲಾರ್ದೆಯವರ ಹಾಡಿನ ಮೇಲೆ ನನಗೆ ಸಿಟ್ಟಿಲ್ಲ. ಅರಮನೆ ಅದನ್ನು ಕಸಿದುಕೊಂಡಿತು, ಹಾಡಿನ ತಪ್ಪೇನು? ಬೀದಿ ‘ಬಾಯಾನ್ ಕೊ’ ಹಾಡನ್ನು ಎತ್ತಿಕೊಂಡದ್ದೂ ಯಾರ ಅಪ್ಪಣೆಯಿಂದಲ್ಲ. ಎಡ್ಸಾದ ನಂತರ ಜಿಮ್ ಪರೇದೆಸ್ ಬರೆದ ‘ಹಂದೋಗ್ ಙ್ ಪಿಲಿಪಿನೊ ಸಾ ಮುಂದೊ’ ಹಾಡಿನ ಸಾಲುಗಳನ್ನು ಆ ಹೆದ್ದಾರಿಯ ಪಕ್ಕದ ಪ್ರಾರ್ಥನಾ ಮಂದಿರದ ಗೋಡೆಯ ಮೇಲೆ ಕೆತ್ತಿದರು. ಆದರೆ ಇತಿಹಾಸ ಅಲ್ಲಿಗೆ ನಿಲ್ಲಲಿಲ್ಲ. ಅಗಿಲಾರ್ 2016ರಲ್ಲಿ ಅಧ್ಯಕ್ಷ ಪದವಿಗೆ ನಿಂತ ರೊಡ್ರಿಗೊ ಡುಟರ್ಟೆಯ ಪರವಾಗಿ ಹಾಡಿದರು, ಅವರನ್ನು ಪ್ರೀತಿಸಿದ್ದ ಎಷ್ಟೋ ಜನರಿಗೆ ಅದು ನೋವಾಯಿತು. 2022ರಲ್ಲಿ ಮಾರ್ಕೋಸನ ಮಗ ಅಧ್ಯಕ್ಷ ಪದವಿಗೆ ನಿಂತಾಗ ದೆ ಲೆಯೋನ್ ಅವರ ‘ಹೊಸ ಸಮಾಜ’ದ ಗೀತೆಯನ್ನೇ ರಾಕ್ ಧಾಟಿಯಲ್ಲಿ ಮತ್ತೆ ಮೊಳಗಿಸಿ ಗೆದ್ದ. 2024ರ ಜೂನಿನಲ್ಲಿ ಹೊಸ ಸುತ್ತೋಲೆ ಬಂತು: ಸರ್ಕಾರಿ ಕಚೇರಿ, ಶಾಲೆಗಳ ವಾರದ ಧ್ವಜವಂದನೆಯಲ್ಲಿ ‘ಹೊಸ ಫಿಲಿಪ್ಪೀನ್ಸ್’ ಎಂಬ ಗೀತೆ ಹಾಡಬೇಕು, ಪ್ರತಿಜ್ಞೆ ಹೇಳಬೇಕು.

ಫ್ರೆಡ್ಡಿ ಅಗಿಲಾರ್ 2025ರ ಮೇ 27ರಂದು ತೀರಿಕೊಂಡರು. ಅವರು ಜನರ ಬಾಯಿಗೆ ತಂದುಕೊಟ್ಟ ‘ಬಾಯಾನ್ ಕೊ’ ಹಾಡನ್ನು ಫಿಲಿಪ್ಪೀನ್ಸಿನವರು ತಮ್ಮ ಎರಡನೆಯ ರಾಷ್ಟ್ರಗೀತೆ ಎನ್ನುತ್ತಾರೆ. ಯಾವ ಕಾನೂನೂ ಅದಕ್ಕೆ ಆ ಸ್ಥಾನ ಕೊಟ್ಟಿಲ್ಲ.